ಕಾಫಿ ಕಾಳಿನ ಸಾಲಿನಲ್ಲಿ ನನ್ನ ಜಾಗ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಗಂಡ ಹೇಳುತ್ತಿದ್ದ. ಇತ್ತು, ಇಲ್ಲವೆನ್ನುವುದಿಲ್ಲ. ಆ ಸಿಟ್ಟಿಲ್ಲದಿದ್ದರೆ ಹಾಸನದಲ್ಲಿ ನಾವು ಉಳಿಯುತ್ತಲೇ ಇರಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ವಾಪಸು ನಮ್ಮೂರು ಕಟ್ಟಾಯದ ಹಾದಿ ಹಿಡಿಯಬೇಕಿತ್ತು. ಅದು ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಗಂಡ ಲಾರಿ ಕ್ಲೀನರ್. ಮೂಟೆ ಹೇರಿಕೊಂಡು ಘಟ್ಟ ಇಳಿದರೆ ಎಂದು ಬರುತ್ತಾನೋ ದೇವರಿಗೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಲಾರಿ ನಿಂತರೆ ಅವನ ಕೂಲಿಯೂ ನಿಲ್ಲುತ್ತಿತ್ತು. ಹಾಗಾಗಿ ನಮ್ಮ ಒಲೆ ನಂಬಿಕೊಂಡಿದ್ದದ್ದು ಕಾಫಿ ವರ್ಕ್ಸಿನಲ್ಲಿ ನನಗಿದ್ದ ಜಾಗವನ್ನು.

ಜಾಗ ಎಂದರೆ ಗೋಣಿತಟ್ಟು ಹಾಸುವಷ್ಟು ನೆಲ, ಅಷ್ಟೆ. ಹೆಂಗಸರು ಸಾಲಾಗಿ ಕೂತು, ಮೊರದಲ್ಲಿ ಕಾಫಿ ಕಾಳು ಹರಡಿಕೊಂಡು, ಕಪ್ಪು ಕಾಳು, ಒಡಕು ಕಾಳು ಆರಿಸಿ ತೆಗೆಯಬೇಕು. ಬೆಳಿಗ್ಗೆ ಕೊಟ್ಟ ರಾಶಿ ಸಂಜೆಗೆ ಮುಗಿದಿರಬೇಕು. ಒಂದು ದಿನ ಬಾರದಿದ್ದರೆ ಆ ಜಾಗ ಗೇಟಿನ ಹೊರಗೆ ಕಾದು ನಿಂತವರಲ್ಲಿ ಒಬ್ಬಳ ಪಾಲು. ಜ್ವರ ಎಂದರೂ ಕೇಳುವವರಿಲ್ಲ, ಹೆರಿಗೆ ಎಂದರೂ ಕೇಳುವವರಿಲ್ಲ.

ಮೊದಮೊದಲು ಮಕ್ಕಳನ್ನು ಪಕ್ಕದಲ್ಲೇ ಮಲಗಿಸಿಕೊಂಡು ಕೂರುತ್ತಿದ್ದೆವು. ಒಂದು ದಿನ ನನ್ನ ಮಗಳೇ, ಆ ಪುಣ್ಯಾತ್ಗಿತ್ತಿ, ಒಂದು ಕಾಳನ್ನು ಮೂಗಿಗೆ ತುರುಕಿಕೊಂಡಳು. ಯಾರದೋ ನಶ್ಯ ಮೂಸಿಸಿ ಸೀನಿಸಿದ ಮೇಲೆ ಕಾಳು ಹೊರಗೆ ಬಂತು. ಆದರೆ ಅಂದಿನಿಂದ ಮಕ್ಕಳು ಗೇಟಿನೊಳಗೆ ಕಾಲಿಡಕೂಡದು ಎಂದು ಮೇಸ್ತ್ರಿ ಹೇಳಿಬಿಟ್ಟ.

ನಮ್ಮ ವಠಾರದಲ್ಲಿ ಇದ್ದವರೆಲ್ಲ ಬೇರೆ ಬೇರೆ ಕಡೆಯಿಂದ ಬಂದವರು. ಒಬ್ಬರನ್ನೊಬ್ಬರು ಊರಿನಿಂದಲೇ ಗುರುತಿಸುತ್ತಿದ್ದೆವು. ಗೋಡೆಯಾಚೆ ಅರಕಲಗೂಡಿನವಳು, ನಲ್ಲಿಯ ಪಕ್ಕ ಚನ್ನರಾಯಪಟ್ಟಣದ ಅಕ್ಕ, ಇಬ್ಬರೂ ನನ್ನ ಹಾಗೆ ಕಾಳು ಆರಿಸುವವರು. ಮೂಲೆಯ ಕೋಣೆಯಲ್ಲಿ ಹೊಳೆನರಸೀಪುರದ ಅಜ್ಜಿ. ಅವಳೂ ಅದೇ ಸಾಲಿನಲ್ಲಿ ಕೂತು ಮುದುಕಿಯಾದವಳು. ಕಣ್ಣು ಮಂಜಾದ ಮೇಲೆ ಜಾಗ ಕಳೆದುಕೊಂಡಿದ್ದಳು. ಹಿಂದಿಲ್ಲ, ಮುಂದಿಲ್ಲ, ನೋಡುವವರಿಲ್ಲ.

ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡುವುದೆಂದಾಯಿತು. ಬದಲಿಗೆ ಪ್ರತಿ ಮನೆಯವರೂ ಹಿಟ್ಟು ತೊಳಸುವ ಮುಂಚೆ ಒಂದು ಹಿಡಿ ರಾಗಿ ಹಿಟ್ಟು ತೆಗೆದು ಅವಳ ಮಡಕೆಗೆ ಹಾಕಬೇಕು. ಹನಿಗೂಡಿದರೆ ಹಳ್ಳ ಎಂದು ಅಜ್ಜಿ ಒಪ್ಪಿದಳು. ಕಣ್ಣು ಕಾಣದವಳು ಹೇಗೆ ನೋಡಿಕೊಂಡಾಳು ಎಂದು ನಮಗೆ ಪುಕಪುಕ. ಅವಳು ಮಕ್ಕಳ ಕಾಲಿಗೆಲ್ಲ ಗೆಜ್ಜೆ ಕಟ್ಟಿಸಿದಳು. ಸದ್ದು ಕೇಳಿಯೇ ಯಾವ ಮಗು ಎಲ್ಲಿದೆ ಎಂದು ಹೇಳುತ್ತಿದ್ದಳು. ಸದ್ದು ನಿಂತರೆ ಅಲ್ಲೇನೋ ಕಿತಾಪತಿ ನಡೆದಿದೆ ಎಂದು ಕೋಲು ಹಿಡಿದು ಏಳುತ್ತಿದ್ದಳು.

ವರ್ಕ್ಸಿಗೆ ಕಾಫಿ ಒತ್ತರಿಸಿ ಬರುವ ಕಾಲದಲ್ಲೇ ಅಜ್ಜಿ ಜ್ವರ ಹಿಡಿದು ಮಲಗಿದಳು. ಅವಳಿಗೆ ಗಂಜಿ ಕಾಯಿಸಬೇಕು, ಮಕ್ಕಳನ್ನೂ ನೋಡಬೇಕು. ಯಾರು ಉಳಿದರೂ ಅವಳ ಜಾಗ ಹೋದಂತೆಯೇ. ನನಗೆ ರೇಗಿತು. ಹಿಡಿ ಹಿಡಿ ಹಿಟ್ಟಿನಲ್ಲಿ ಒಂದು ಹೊಟ್ಟೆ ತುಂಬುತ್ತದೆ ಎಂದರೆ, ಅಕ್ಕಪಕ್ಕದವರು ಹಿಡಿ ಹಿಡಿ ಕಾಳು ಆರಿಸಿದರೆ ನನ್ನ ರಾಶಿ ಮುಗಿಯುವುದಿಲ್ಲವೇ ಎಂದೆ. ಇವತ್ತು ನಾನು ಮನೆಯಲ್ಲಿ ಉಳಿಯುತ್ತೇನೆ, ನನ್ನ ಮೊರ ನನ್ನ ಜಾಗದಲ್ಲಿರಲಿ; ಮೇಸ್ತ್ರಿ ಕೇಳಿದರೆ ನೀರು ಕುಡಿಯಲು ಹೋಗಿದ್ದಾಳೆ ಎನ್ನಿ; ನಾಳೆ ನಾನು ಕೂರುತ್ತೇನೆ, ಇನ್ನೊಬ್ಬಳು ಉಳಿಯಲಿ. ಎಲ್ಲರೂ ಹೂಂ ಎಂದರು.

ಮಧ್ಯಾಹ್ನದವರೆಗೆ ನಡೆಯಿತು. ಕೆರೆ ನೀರೆಲ್ಲ ಕುಡಿದು ಬರುತ್ತಾಳೇನೋ ಎಂದು ಮೇಸ್ತ್ರಿ ಎರಡು ಸಲ ಕೊಂಕು ನುಡಿದನಂತೆ. ಊಟದ ಹೊತ್ತಿಗೆ ಅರಕಲಗೂಡಿನವಳು ಬುತ್ತಿಯನ್ನೂ ಬಿಚ್ಚದೆ ಓಡಿ ಬಂದಳು.

“ಅಕ್ಕ, ನಿನ್ ಜಾಗುಕ್ಕೆ ಗೇಟ್ನಿಂದ ಬ್ಯಾರೆಯೋಳ್ನ ಕರ್ದವ್ರೆ. ಬಿರ್ನೆ ಬಾ.”

ಮಕ್ಕಳನ್ನು ಎಲ್ಲಿ ಬಿಡಲಿ? ನನ್ನ ಮಗಳನ್ನು ಸೊಂಟಕ್ಕೇರಿಸಿದೆ, ಉಳಿದ ಮಕ್ಕಳ ಕೈಯನ್ನು ಅರಕಲಗೂಡಿನವಳೂ ನಾನೂ ಹಿಡಿದೆವು. ಅಜ್ಜಿ ತಾನೂ ಬರುತ್ತೇನೆ ಎಂದು ಕಂಬಳಿ ಹೊದ್ದು ಎದ್ದಳು. ಬೇಡವೆಂದರೆ ಕೇಳುವ ಮುದುಕಿಯಲ್ಲ. ಹಾಸನದ ಬೀದಿಯಲ್ಲಿ ಗೆಜ್ಜೆ ಸದ್ದು ಮಾಡಿಕೊಂಡು ನಮ್ಮ ದಂಡು ಹೊರಟಿತು. ಗೇಟಿನವನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ, ತಡೆಯಲಿಲ್ಲ.

ನನ್ನ ಜಾಗದ ಮುಂದೆ ಒಬ್ಬಳು ಬಡಕಲು ಹೆಂಗಸು ನಿಂತಿದ್ದಳು. ಮೇಸ್ತ್ರಿ ಅವಳನ್ನು ಕೂರಲು ಹೇಳುತ್ತಿದ್ದ. ನನ್ನ ಬಾಯಿ ಸುಮ್ಮನಿರಲಿಲ್ಲ.

“ನನ್ ರಾಶಿ ಅರ್ಧ ಮುಗ್ದೈತೆ, ನೋಡ್ಕಳಿ ಸಾ. ಆರ್ಸಿರೋದ್ರಲ್ಲಿ ಒಂದ್ ಕಪ್ಪು ಕಾಳು ಸಿಕ್ಕಿದ್ರೆ ನಾನೇ ಎದ್ದೋಯ್ತೀನಿ.”

ಅವನು ಕೂತು ಕೈಯಾಡಿಸಿ ಕೆದಕಿದ. ಒಂದೂ ಸಿಗಲಿಲ್ಲ. ಆದರೂ ಎದ್ದು, ಕಾಳಿನ ಪ್ರಶ್ನೆಯಲ್ಲ, ಆಳು ಬರಬೇಕಿತ್ತು, ಇವತ್ತು ಬಿಟ್ಟರೆ ನಾಳೆ ಎಲ್ಲರೂ ಹೀಗೇ ಮಾಡುತ್ತೀರಿ ಎಂದ. ಬಡಕಲು ಹೆಂಗಸಿನ ಕಡೆ ತಿರುಗಿ ಕೈಮಾಡಿ ಜಾಗ ತೋರಿಸಿದ.

ಅವಳು ಮಕ್ಕಳನ್ನು ನೋಡಿದಳು. ಕಂಬಳಿಯೊಳಗೆ ನಡುಗುತ್ತಿದ್ದ ಅಜ್ಜಿಯನ್ನು ನೋಡಿದಳು.

“ನಾನ್ ಕೂರಕಿಲ್ಲ ಸಾ. ನನ್ ಕೂಸ್ನ ಮಂಚದ ಕಾಲ್ಗೆ ಕಟ್ಟಾಕ್ಬುಟ್ ಬಂದಿವ್ನಿ. ಇವಳ ಜಾಗ ಕಿತ್ಕಂಡು ನಾನೇನ್ ಉದ್ಧಾರ ಆಯ್ತೀನಿ.”

ಆಮೇಲೆ ಚನ್ನರಾಯಪಟ್ಟಣದ ಅಕ್ಕ ತನ್ನ ಮೊರವನ್ನು ಬೋರಲು ಹಾಕಿ ಕೈಕಟ್ಟಿ ಕೂತಳು. ಅವಳ ಪಕ್ಕದವಳೂ ಬೋರಲು ಹಾಕಿದಳು. ನೋಡನೋಡುತ್ತ ಇಡೀ ಸಾಲಿನ ಮೊರಗಳೆಲ್ಲ ಬೋರಲಾದವು. ಅಂಗಳದಲ್ಲಿ ಲಾರಿ ನಿಂತಿತ್ತು, ಸಂಜೆಯೊಳಗೆ ಮೂಟೆ ತುಂಬಬೇಕಿತ್ತು. ಮೇಸ್ತ್ರಿ ಲಾರಿ ನೋಡಿದ, ನಮ್ಮನ್ನು ನೋಡಿದ, ತಲೆ ಕೆರೆದುಕೊಂಡ. ಕೊನೆಗೆ, ಗೋಣಿಚೀಲದ ಷೆಡ್ಡಿನಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಿ, ಮುದುಕಿಯೂ ಅಲ್ಲೇ ಇರಲಿ, ಒಂದು ಮಗು ಕಾಳಿನ ಹತ್ತಿರ ಬಂದರೂ ಎಲ್ಲರನ್ನೂ ಓಡಿಸುತ್ತೇನೆ ಎಂದ. ಗೆದ್ದೆವು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು, ಬರಲಿ ಬಿಡು ಎಂದು ಒರೆಸಿಕೊಳ್ಳಲೂ ಇಲ್ಲ.

ಬಡಕಲು ಹೆಂಗಸು ಗೇಟಿನ ಕಡೆ ಹೊರಟಿದ್ದಳು. ನಾನೇ ಕೂಗಿ, ಹೋಗಿ ಕೂಸನ್ನು ಎತ್ತಿಕೊಂಡು ಬಾ ಎಂದೆ. ಅವಳು ಮೇಸ್ತ್ರಿಯ ಮುಖ ನೋಡಿದಳು. ಅವನು ಬೇಡವೆನ್ನಲಿಲ್ಲ, ಲಾರಿ ತುಂಬಲು ಅವನಿಗೂ ಕೈ ಬೇಕಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು. ತಿರುಗಿ ಬಂದಾಗ ಮಗುವಿನ ಸೊಂಟದಲ್ಲಿ ಹಳೇ ಸೀರೆಯ ತುಂಡು ಕಟ್ಟಿದ್ದು ಹಾಗೇ ಇತ್ತು. ಷೆಡ್ಡಿನಲ್ಲಿ ಅಜ್ಜಿ ತಡವಿ ತಡವಿ ಅದರ ಗಂಟು ಬಿಚ್ಚಿದಳು.

ಸಾಲಿನಲ್ಲಿ ಇನ್ನೊಬ್ಬರಿಗೆ ಎಡೆಯಿರಲಿಲ್ಲ. ನಾನು ಸ್ವಲ್ಪ ಸರಿದೆ. ಅರಕಲಗೂಡಿನವಳು ಸರಿದಳು, ಅವಳಾಚೆಯವಳೂ ಸರಿದಳು, ಗೋಡೆಯವರೆಗೂ ಎಲ್ಲರೂ ಒಂದೊಂದು ಗೇಣು ಸರಿದರು. ಬಾರವ್ವ ಎಂದೆ. ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು.