ಗೋಡೆಯ ಎರಡೂ ಕಡೆಗೆ ಒಂದೇ ಅಡ್ರೆಸ್ಸು

ಸ್ನೇಹಿತರೇ, ಇವತ್ತು ಇಂಟರ್ನೆಟ್‌ನವರ ಮೇಲೆ ಜಗಳಕ್ಕೆ ಹೋಗಿ ನಾನೇ ಬಾಯಿ ಮುಚ್ಚಿಕೊಂಡೆ.

ಶಿಡ್ಲಘಟ್ಟದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅದರೊಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ಒಂದು ವರ್ಚುವಲ್ ಮಷೀನ್ ಮಾಡಿ, ರೇಷ್ಮೆಗೂಡಿನ ದರ ತೋರಿಸುವ ಸರ್ವರ್ ಇಟ್ಟಿದ್ದೇನೆ. ಮನೆಯ ವೈಫೈಯಲ್ಲಿ ಚೆನ್ನಾಗಿ ತೆರೆಯುತ್ತದೆ. ಚಿಂತಾಮಣಿಯ ರೈತರು ಫೋನಿನಲ್ಲಿ ನೋಡಿದರೆ ಏನೂ ಬರುವುದಿಲ್ಲ. ಹೊರಗಿನವರು ಒಳಗೆ ಬರಲೆಂದು ರೂಟರಿನಲ್ಲಿ ಪೋರ್ಟ್ ತೆರೆದರೂ ಅಷ್ಟೇ. ಲೈನ್ ಎಳೆದುಕೊಟ್ಟ ನಯಾಜ್ ಭಾಯ್ ಅವರನ್ನು ಬೆಳಿಗ್ಗೆ ಕರೆಸಿ ರೇಗಾಡಿದೆ.

"ಲೈನ್ ಸರಿಯಾಗೈತೆ ಸಾರ್. ಈ ಸಾಲಿನ ಮನೆಗಳಿಗೆಲ್ಲ ಹೊರಗಡೆ ಒಂದೇ ಐಪಿ ಅಡ್ರೆಸ್ಸು. ಹೊರಗಿಂದ ಬಂದೋರಿಗೆ ಯಾವ ಮನೆಗೆ ಹೋಗ್ಬೇಕು ಅಂತ ಗೊತ್ತಾಗಲ್ಲ."

"ಪಕ್ಕದ ಮನೆ ನಮ್ಮಣ್ಣಂದು ಕಣ್ರೀ. ನಾವು ಭಾಗ ಆಗಿದೀವಿ. ನಂಗೂ ಅವನಿಗೂ ಒಂದೇ ಅಡ್ರೆಸ್ ಹೆಂಗಾಗತ್ತೆ?"

"ಗೊತ್ತು ಸಾರ್. ಆದ್ರೆ ಹೊರಗಿನೋರಿಗೆ ನೀವಿಬ್ರೂ ಇನ್ನೂ ಒಂದೇ ಮನೆ."

ಅಮ್ಮ ತೀರಿಕೊಂಡ ಮೇಲೆ ಹಜಾರದ ನಡುವೆ ಗೋಡೆ ಎಬ್ಬಿಸಿದೆವು. ಕರೆಂಟ್ ಮೀಟರ್ ಬೇರೆ, ನಲ್ಲಿ ಬೇರೆ, ಗೇಟು ಬೇರೆ. ಹಬ್ಬಕ್ಕೂ ಮಾತಿಲ್ಲ. ಅಷ್ಟೆಲ್ಲ ಹಂಚಿಕೊಂಡ ಮೇಲೂ ಇದೊಂದು ಒಟ್ಟಿಗೇ ಉಳಿದಿತ್ತು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಅದನ್ನೂ ಆಗಲೇ ಹರಿದುಕೊಳ್ಳುತ್ತಿದ್ದೆವು.

"ನಿಮಗೊಂದು ಬೇರೆ ಅಡ್ರೆಸ್ ಹಾಕಿಸ್ಲಾ ಸಾರ್?" ನಯಾಜ್ ಭಾಯ್ ಕೇಳಿದರು.

ಗೋಡೆಯಾಚೆ ಅಣ್ಣ ಕೆಮ್ಮಿದ್ದು ಕೇಳಿಸಿತು.

"ಹಾಕ್ಸಿ" ಎಂದೆ.

ಸಂಜೆಯಿಂದ ನನ್ನ ಸರ್ವರ್ ಇಡೀ ಪ್ರಪಂಚಕ್ಕೆ ತೆರೆದಿದೆ. ನೋಡಿ, ದರ ಬರುತ್ತಿದೆ. ನಮ್ಮ ಮನೆಯ ಭಾಗವೂ ಇವತ್ತಿಗೆ ಪೂರ್ತಿಯಾಯಿತು.