ಅಕ್ಕ ತೂಕ ಏರಿಸಿಕೊಂಡ ಬೇಸಿಗೆ

ಆ ದಿನಗಳಲ್ಲಿ ಸಂಜೆ ಐದಾಯಿತೆಂದರೆ ಅಕ್ಕನಿಗೂ ನನಗೂ ಜನ್ನಾಪುರದ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬಾಯಲ್ಲಿ ಅವಲಕ್ಕಿ ಇರುವಾಗಲೇ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದೆವು. ಎರಡು ಬೀದಿಯಾಚೆ, ಹಿಂದೆ ಅಕ್ಕಿ ಗೋದಾಮಾಗಿದ್ದ ಶೆಡ್ಡಿನಲ್ಲಿ ರಹಮತ್ ಸರ್ ಮಕ್ಕಳಿಗೆ ಜೂಡೊ ಹೇಳಿಕೊಡುತ್ತಿದ್ದರು. ಹಗಲು ಶಾಲೆಯ ವ್ಯಾನು ಓಡಿಸುವುದು ಅವರ ಕೆಲಸ, ಸಂಜೆಯದು ಅವರ ಹುಚ್ಚು. ಹಳೆಯ ನಾರಿನ ಹಾಸಿಗೆಗಳನ್ನು ಸಾಲಾಗಿ ಹಾಸಿ, ಮೇಲೆ ಟಾರ್ಪಾಲು ಎಳೆದು ಕಟ್ಟಿದ್ದೇ ನಮ್ಮ ಮ್ಯಾಟ್. ಬಿದ್ದಾಗಲೆಲ್ಲ ನಾರಿನ ಧೂಳು, ಬೆವರು, ಕೊಬ್ಬರಿ ಎಣ್ಣೆ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು.

ಅಕ್ಕ ಕಾವ್ಯ ನನಗಿಂತ ಒಂದೇ ವರ್ಷ ದೊಡ್ಡವಳು. ಎತ್ತರ, ತೂಕ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಆಟದಲ್ಲಿ ಮಾತ್ರ ನಾನು ಅವಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಅವಳ ಕೈ ನನ್ನ ಕಾಲರ್ ಹಿಡಿದದ್ದು ಗೊತ್ತಾಗುವಷ್ಟರಲ್ಲಿ ನಾನು ಬೆನ್ನಡಿಯಾಗಿ ಮಲಗಿ ಸೂರಿನ ತಗಡು ನೋಡುತ್ತಿರುತ್ತಿದ್ದೆ.

ನಾನು ಆರನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಸರ್ ಒಂದು ಸುದ್ದಿ ತಂದರು. ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸಲು ದೊಡ್ಡ ಕೋಚ್ ಒಬ್ಬರು ಶಿವಮೊಗ್ಗಕ್ಕೆ ಬರುತ್ತಾರಂತೆ. ಊಟ, ಓದು, ತರಬೇತಿ ಎಲ್ಲ ಅಲ್ಲೇ. ನಮ್ಮ ಶೆಡ್ಡಿನಿಂದ ಅದುವರೆಗೆ ಒಬ್ಬರೂ ಆಯ್ಕೆಯಾಗಿರಲಿಲ್ಲ.

"ಆದ್ರೆ ಒಂದು ತೂಕಕ್ಕೆ ಒಂದು ಕ್ಲಬ್ಬಿಂದ ಒಬ್ರೇ ಅಂತೆ," ಎಂದರು ಸರ್, ನಮ್ಮಿಬ್ಬರ ಮುಖ ನೋಡದೆ. "ನೀವಿಬ್ರೂ ಮೂವತ್ತಾರು ಕೇಜಿ ಒಳಗಿದ್ದೀರಿ. ನಾಳೆ ನೀವೇ ಆಡ್ಕೊಳ್ಳಿ. ಗೆದ್ದೋರ ಹೆಸರು ಕೊಡ್ತೀನಿ."

ಗೆಲ್ಲುವುದು ಯಾರೆಂದು ಮೂವರಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ನಾನು ಅಳುತ್ತಾ ನಡೆದೆ.

"ಸಾಕು ಬಿಡು ಮಾರಾಯ್ತಿ, ಜನ ನೋಡ್ತಾರೆ," ಅಂದಳು ಅಕ್ಕ. ನಮ್ಮ ಬೀದಿಗೆ ತಿರುಗುವ ಹೊತ್ತಿಗೆ, "ನಾನು ಮೇಲಿನ ತೂಕಕ್ಕೆ ಹೋಗ್ತೀನಿ. ಒಂದೂವರೆ ಕೇಜಿ ತಾನೇ? ಹತ್ತು ದಿನ ಇದೆ, ತಿಂತೀನಿ," ಎಂದಳು.

ತಿಂದಳು. ಬೆಳಿಗ್ಗೆ ಆರು ಬಾಳೆಹಣ್ಣು, ಮಧ್ಯಾಹ್ನ ಎರಡು ಮುದ್ದೆ, ಸಂಜೆ ಶೇಂಗಾ ಬೆಲ್ಲ. "ಹೊಟ್ಟೆನೋ ಹಗೇವೋ ಇದು?" ಎಂದು ಅಮ್ಮ ಬೈಯುತ್ತಲೇ ಬಡಿಸುತ್ತಿದ್ದಳು. ದಿನಾ ರೇಷನ್ ಅಂಗಡಿಯ ತಕ್ಕಡಿ ಹತ್ತಿ ಇಳಿಯುತ್ತಿದ್ದೆವು. ಅಕ್ಕನ ತೂಕ ಕದಲದ ದಿನ ನನಗೇ ಊಟ ಸೇರುತ್ತಿರಲಿಲ್ಲ. ಅವಳು ಏರದಿದ್ದರೆ ನಾನು ಮನೆಯಲ್ಲೇ ಉಳಿಯಬೇಕಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆಯ್ಕೆಯ ದಿನವೂ ಅವಳಿಗೆ ಅರ್ಧ ಕೇಜಿ ಕಡಿಮೆಯೇ ಇತ್ತು. ಶಿವಮೊಗ್ಗದ ಬಸ್ಸಿನಲ್ಲಿ ನೀರು ಕುಡಿಯತೊಡಗಿದಳು. ಬಾಟಲಿ ಖಾಲಿ, ಇನ್ನೊಂದು ಬಾಟಲಿ ಖಾಲಿ. ತೂಕದ ಸಾಲಿನಲ್ಲಿ ಈ ಕಾಲಿನಿಂದ ಆ ಕಾಲಿಗೆ ಕುಣಿಯುತ್ತಿದ್ದಳು.

"ಸಿಂಧು, ಇನ್ನೆಷ್ಟು ಜನ ಇದ್ದಾರೆ?"

"ಒಂಬತ್ತು."

"ಅಯ್ಯೋ, ಸತ್ತೆ ನಾನು."

ಮೂವತ್ತಾರು ದಾಟಿ ನೂರು ಗ್ರಾಂ ಬಂತು. ತಕ್ಕಡಿಯಿಂದ ಇಳಿದವಳೇ ಬರಿಗಾಲಲ್ಲಿ ಬಚ್ಚಲಿಗೆ ಓಡಿದಳು. ರಹಮತ್ ಸರ್ ಗೋಡೆಗೆ ತಲೆ ಆನಿಸಿ ನಕ್ಕರು.

ನಾನು ಮೂರು ಆಟ ಗೆದ್ದೆ. ಅಕ್ಕನಿಗೆ ಸಿಕ್ಕವಳು ಅವಳಿಗಿಂತ ಒಂದು ಗೇಣು ಎತ್ತರ. ಅಕ್ಕ ಸರಿಯಾಗಿಯೇ ಒಳಗೆ ನುಗ್ಗಿದಳು, ಎತ್ತಿ ಎಸೆಯಲು ಸೊಂಟವನ್ನೂ ಕೊಟ್ಟಳು. ಆ ಹುಡುಗಿಯ ಭಾರ ಮೇಲೇಳಲಿಲ್ಲ. ಇಬ್ಬರೂ ಉರುಳಿದರು, ಅಕ್ಕ ಕೆಳಗಾದಳು. ಎರಡನೇ ಆಟದಲ್ಲೂ ಸೋತಳು.

ಸರ್ ಹೋಗಿ ದೊಡ್ಡ ಕೋಚ್ ಮುಂದೆ ಕೈ ಕಟ್ಟಿ ನಿಂತರು. "ಸರ್, ಇವಳು ಈ ತೂಕದೋಳಲ್ಲ. ತಂಗಿಗೆ ಜಾಗ ಬಿಟ್ಟು ಬಂದಿದ್ದಾಳೆ. ಬೇಕಿದ್ರೆ ಇಬ್ರನ್ನೂ ಆಡ್ಸಿ ನೋಡಿ."

"ಎಲ್ರೂ ಹೀಗೇ ಹೇಳ್ತಾರೆ ಕಣ್ರಿ. ಸೋತೋರ ಹೆಸರು ನಾನು ಹೆಂಗೆ ಬರ್ಕೊಳ್ಲಿ?"

ನಾನು ಅಲ್ಲೇ, ಕೈಯಳತೆಯಲ್ಲಿ ನಿಂತಿದ್ದೆ. ದಿನಾ ಅವಳೇ ನನ್ನನ್ನು ಕೆಡಹುತ್ತಾಳೆ ಎಂದು ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಪಟ್ಟಿ ಹಿಡಿದವರು ನನ್ನ ಹೆಸರು ಕೂಗಿದರು. ಓಡಿಹೋದೆ.

ಜೂನ್‌ನಲ್ಲಿ ಹಾಸ್ಟೆಲ್ ಸೇರಿದೆ. ಪದಕಗಳೂ ಬಂದವು. ಮೊಣಕಾಲು ಕೈಕೊಟ್ಟ ಮೇಲೆ ಈಗ ನಾನೇ ಶಾಲೆಯಿಂದ ಶಾಲೆಗೆ ತಿರುಗಿ ಮಕ್ಕಳನ್ನು ಆರಿಸುತ್ತೇನೆ. ಪಟ್ಟಿ ಮುಗಿಸಿ ಎದ್ದ ಮೇಲೂ ಮನಸ್ಸು ತಡೆಯದೆ ಹಿಂದಿರುಗಿ, ಸೋತು ಕೂತವರ ಮುಖಗಳನ್ನು ಇನ್ನೊಮ್ಮೆ ನೋಡಿ ಬರುತ್ತೇನೆ. ರಹಮತ್ ಸರ್ ಊರು ಬಿಟ್ಟರು. ಶೆಡ್ಡು ಟೈಲ್ಸ್ ಅಂಗಡಿಯಾಗಿದೆ. ಅಕ್ಕ ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದ್ದಾಳೆ, ಒಂದು ಸೊಸೈಟಿಯಲ್ಲಿ ಕೆಲಸ.

ಹೋದ ತಿಂಗಳು ಅವಳ ಅಡುಗೆಮನೆಯಲ್ಲಿ ನಿಂತು ಕಡೆಗೂ ಹೇಳಿದೆ. "ಅವತ್ತು ನಾನು ಬಾಯಿ ಬಿಡ್ಬೇಕಿತ್ತು ಅಕ್ಕ."

ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. "ನೀನು ಬಾಯಿ ತೆಗೆದಿದ್ದು ನೋಡ್ದೆ. ಎಲ್ಲಿ ಹೇಳಿಬಿಡ್ತೀಯೋ ಅಂತ ಹೆದರಿಕೆ ಆಯ್ತು," ಎಂದಳು. ಊಟಕ್ಕೆ ತಟ್ಟೆ ಇಟ್ಟಳು.

ಸಂಜೆ ನಾನು ಹೊರಡಲೇಬೇಕಿತ್ತು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಆ ಜೂನ್ ಆದಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಒಟ್ಟಿಗೆ ಹತ್ತು ದಿನ ಇದ್ದದ್ದು ಒಮ್ಮೆಯೂ ಇಲ್ಲ.