ಶೇಂಗಾ ಇಲ್ಲದ ಉಂಡೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ನಾಗರ ಪಂಚಮಿ ಎಂದರೆ ಮಗ್ಗ ಬಂದ್, ಜೋಕಾಲಿ ಚಾಲೂ. ಬೇವಿನ ಮರದ ಜೋಕಾಲಿ ಹತ್ತಿದ ಪ್ರತಿ ಮಗುವಿನ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಶೇಂಗಾ ಉಂಡೆ. ಹೋದ ವರ್ಷ ನನ್ನ ಮೊಮ್ಮಗಳ ಕೈಯಲ್ಲಿ ಮಾತ್ರ ಬಿಸ್ಕೀಟು ಇತ್ತು. ಅವಳು ಅದನ್ನು ತಿನ್ನಲೂ ಇಲ್ಲ, ಬಿಡಲೂ ಇಲ್ಲ. ಬೆವರುಗೈಯಲ್ಲಿ ಅದು ಹಿಟ್ಟಾಗಿ ಹೋಯಿತು. "ಆಯಿ, ಬರೂ ಪಂಚಮಿಗೆ ನನಗೂ ಉಂಡಿ ಬೇಕ," ಎಂದಳು. ನಾಲ್ಕು ವರ್ಷದ ಕೂಸು ಅಜ್ಜಿಯನ್ನು ಕೇಳಿದ್ದು ಬಂಗಾರದ ಪಾಟಲಿಯನ್ನಲ್ಲ, ಒಂದು ಉಂಡೆ.

ಅವಳಿಗೆ ಶೇಂಗಾ ಆಗುವುದಿಲ್ಲ. ಇದನ್ನು ನಂಬಲು ನನಗೆ ಬಹಳ ದಿನ ಹಿಡಿಯಿತು, ಮುಚ್ಚಿಡುವುದೇಕೆ? ನಮ್ಮ ಕಡೆ ಶೇಂಗಾ ಆಗುವುದಿಲ್ಲ ಎಂದರೆ ಗಾಳಿ ಆಗುವುದಿಲ್ಲ ಎಂದ ಹಾಗೆ. ಚಟ್ನಿಗೆ ಶೇಂಗಾ, ಬದನೆಕಾಯಿಗೆ ಶೇಂಗಾ, ಹೋಳಿಗೆಗೂ ಶೇಂಗಾ. ಎರಡು ವರ್ಷದ ಹಿಂದೆ ಒಂದು ಚೂರು ಶೇಂಗಾ ಹೋಳಿಗೆ ತಿಂದು ಅವಳ ತುಟಿ ಬಾತು, ಉಸಿರು ಸುಂಯ್‌ಗುಡತೊಡಗಿದಾಗ ನಾನು ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ನಿಂತಿದ್ದೆ. ಸೊಸೆ ನನ್ನನ್ನು ಸರಿಸಿ, ಕೂಸನ್ನು ಎತ್ತಿಕೊಂಡು ಜಮಖಂಡಿಯ ದವಾಖಾನೆಗೆ ಓಡಿದಳು. ಆ ಮೆಣಸಿನಕಾಯಿ ನೆನಪಾದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಹಾಗಾಗಿ ಈ ಪಂಚಮಿಗೆ ನಮ್ಮ ಮನೆಯೊಳಗೆ ಶೇಂಗಾ ಬಂದ್. ಕಡಲೆಬೇಳೆ ಅವಳಿಗೆ ನಡೆಯುತ್ತದೆ ಎಂದು ಸೊಸೆ ಡಾಕ್ಟರರನ್ನು ಕೇಳಿ ಖಾತ್ರಿ ಮಾಡಿಕೊಂಡಳು. ಭಟ್ಟಿಯಲ್ಲಿ ಹುರಿದ ಪುಟಾಣಿ ಕಡಲೆ ಬೇಡ, ಅದೇ ಉಸುಕಿನಲ್ಲಿ ಶೇಂಗಾ ಹುರಿಯುತ್ತಾರೆ. ಗಿರಣಿಯೂ ಬೇಡ, ನಮಗಿಂತ ಮೊದಲು ಯಾರು ಏನು ಬೀಸಿಸಿದರೋ. ಮುಧೋಳದಿಂದ ಮಿಕ್ಸರಿಗೆ ಹೊಸ ಜಾರೇ ಬಂತು. ನಲವತ್ತು ವರ್ಷ ಉಂಡೆ ಕಟ್ಟಿದ ಈ ಕೈಗೆ ಸೊಸೆ ಸಾಬೂನು ಕೊಟ್ಟು, "ಅತ್ತಿ, ಮೊಣಕೈ ಮಟಾ ತೊಳಕೋರಿ," ಎಂದಳು.

"ಅಲ್ಲವ್ವಾ, ನಾ ಏನ್ ಆಪರೇಷನ್ ಮಾಡಾಕ ಹೊಂಟೇನಿ?"

ಅವಳು ಕೈಯನ್ನೇ ನೋಡುತ್ತ ನಿಂತಳು. ತೊಳೆದೆ. ಬೇಳೆ ಹುರಿದು, ಬೀಸಿ, ತುಪ್ಪ, ಸಕ್ಕರೆಪುಡಿ, ಏಲಕ್ಕಿ ಹಾಕಿ ಕಟ್ಟಿದರೆ ಇಪ್ಪತ್ತೈದು ಉಂಡೆಗಳಾದವು. ಹೊಸ ಸ್ಟೀಲ್ ಡಬ್ಬಿಗೆ ತುಂಬಿದೆವು.

ಪಂಚಮಿಯ ಮುಂಜಾನೆ ಸೊಸೆ ಮಗಳನ್ನು ಕರೆದುಕೊಂಡು ನಾಗಪ್ಪನಿಗೆ ಹಾಲೆರೆಯಲು ಹೋದಳು. ಹೋಗುವಾಗ ಒಂದೇ ಮಾತು ಹೇಳಿದಳು: "ಅತ್ತಿ, ಆ ಡಬ್ಬಿ ಮುಚ್ಚಳಾ ತಗೀಬ್ಯಾಡ್ರಿ."

ಅವಳು ಓಣಿ ತಿರುಗುವುದರೊಳಗೆ ಎದುರುಮನೆಯಿಂದ ಡಬ್ಬಿ ಬಂತು, ಐದು ಶೇಂಗಾ ಉಂಡೆ. ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬೇರೆ ದಿನ ಚಿಟಿಕೆ ಸಕ್ಕರೆ ಹಾಕಿದರೂ ನಡೆದೀತು. ಪಂಚಮಿಯ ದಿನ ಉಂಡೆಗೆ ಉಂಡೆಯೇ. ಬಂದದ್ದನ್ನೇ ಮುಂದಿನವರಿಗೆ ದಾಟಿಸೋಣ ಎಂದರೆ, ಉಂಡೆಯ ಗಾತ್ರ ನೋಡಿಯೇ ಕಟ್ಟಿದ ಕೈ ಯಾರದೆಂದು ಹೇಳುವ ಹೆಂಗಸರು ನಮ್ಮ ಓಣಿಯವರು. ನನ್ನದೂ ಅದೇ ಓಣಿಯ ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ. ಬಂದ ಉಂಡೆಗಳನ್ನು ಹೊರಗಿನ ಕಟ್ಟೆಯ ಬುಟ್ಟಿಗೆ ಹಾಕಿ, ಒಳಗೆ ಹೋಗಿ ಹೊಸ ಡಬ್ಬಿಯ ಮುಚ್ಚಳ ತೆಗೆದೆ. ಅದರ ಹಿಂದೆಯೇ ಇನ್ನೂ ನಾಲ್ಕು ಡಬ್ಬಿ ಬಂದವು. ನಾಲ್ಕು ಮನೆಗೆ ಐದೈದು ಹೋದವು. ಐದನೆಯವಳಿಗೆ ಮೂರೇ ಕೊಟ್ಟು ಮರ್ಯಾದೆ ಕಳೆದುಕೊಂಡೆ. ಎರಡನ್ನು ಮೊಮ್ಮಗಳಿಗೆಂದು ಉಳಿಸಿದೆ, ನಾನೇನು ಅಷ್ಟು ಬುದ್ಧಿಗೇಡಿಯೇ?

ಹಾಲೆರೆದು ಇಬ್ಬರೂ ತಿರುಗಿ ಬಂದರು. ಮೊಮ್ಮಗಳು ಓಡಿಬಂದು ಡಬ್ಬಿಗೆ ಕೈ ಹಾಕಿದಳು. ಸೊಸೆ ಕಟ್ಟೆಯ ಮೇಲಿನ ಬುಟ್ಟಿ ನೋಡಿದಳು, ನನ್ನ ಕೈ ನೋಡಿದಳು.

"ಅತ್ತಿ, ಅವನ್ನ ಬುಟ್ಟ್ಯಾಗ ಹಾಕಿದ್ದು ಯಾವ ಕೈಲೆ?"

"ಇದ ಕೈಲೆ."

"ಇವನ್ನ ಮುಟ್ಟಿದ್ದು?"

ಮೊಮ್ಮಗಳ ಕಡೆ ತಿರುಗಿ "ಬಾಯಾಗ ಹಾಕೋಬ್ಯಾಡ!" ಎಂದು ಚೀರಿದೆ. ಹೋಗಿ ಕಸಿದುಕೊಳ್ಳೋಣವೆಂದರೆ ಈ ಕೈಯಿಂದ ಕೂಸನ್ನು ಮುಟ್ಟುವ ಹಾಗೂ ಇಲ್ಲ. ಕಳ್ಳಿಯ ಹಾಗೆ ಎರಡೂ ಕೈ ಬೆನ್ನ ಹಿಂದೆ ಹಿಡಿದು ನಿಂತೆ. ಸೊಸೆ ಉಂಡೆ ಕಿತ್ತುಕೊಂಡು ಮಗಳ ಕೈ ತೊಳೆಸಿದಳು. ಕೂಸು ಅಳಲಿಲ್ಲ. "ಈ ಪಂಚಮಿಗೂ ಬಿಸ್ಕೀಟನ ಏನು, ಆಯಿ?" ಎಂದಿತು.

ಸೊಸೆ ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಉಳಿದಿದ್ದ ಒಂದು ಬಟ್ಟಲು ಬೇಳೆಯನ್ನು ಒಲೆಯ ಹತ್ತಿರ ತಂದಿಟ್ಟಳು, ಅಷ್ಟೇ. ನಾನು ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಈ ಸಲ ಹೆಗಲ ತನಕ ತೊಳೆದು ಬಂದೆ. ಅವಳು ಡಬ್ಬಿ ತಿಕ್ಕಿ ಕೊಟ್ಟಳು. ಬೇಳೆ ಬಿಸಿ ಇರುವಾಗಲೇ ಬೀಸಿ, ಕೈ ಚುರುಗುಟ್ಟಿದರೂ ಬಿಡದೆ ಕಟ್ಟುತ್ತಿದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೂಲೆಮನೆಯವಳು ಡಬ್ಬಿ ಹಿಡಿದು ನಿಂತಿದ್ದಳು. ನಾನು ಕಿಟಕಿಯಿಂದಲೇ ಕೂಗಿದೆ:

"ಉಂಡಿ ಬುಟ್ಟ್ಯಾಗ ಹಾಕಿ ಡಬ್ಬಿ ಖಾಲಿನ ಒಯ್ಯವ್ವಾ!"

"ಅಯ್ಯ ಶಿವನ! ಹಬ್ಬದಾಗ ಖಾಲಿ ಡಬ್ಬಿ ಏನ್ರಿ?"

"ಹೂಂ, ಖಾಲಿ! ಓಣಿ ತುಂಬ ಹೇಳು, ಆ ಮನಿ ಮುದಿಕಿಗೆ ಬುದ್ಧಿ ಬಂದೈತಿ ಅಂತ."

ಸೊಸೆ ಅಂದು ಮೊದಲ ಸಲ ನಕ್ಕಳು.

ಏಳು ಉಂಡೆಗಳಾದವು. ಒದ್ದೆ ಬಟ್ಟೆಯಿಂದ ಜೋಕಾಲಿಯ ಹಗ್ಗವನ್ನೂ ಮಣೆಯನ್ನೂ ಒರೆಸಿದೆ; ನೋಡಿದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಮೊಮ್ಮಗಳು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಉಂಡೆ ಹಿಡಿದು ಕೂತಳು. ಕಚ್ಚಿದಳು. ಮೂಗಿನ ತುದಿಗೆಲ್ಲ ಹಿಟ್ಟು. ನನಗೆ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡೆ.

ಎದುರುಮನೆಯ ಹುಡುಗಿ ತನ್ನ ಶೇಂಗಾ ಉಂಡೆ ಚಪ್ಪರಿಸುತ್ತ ಬಂದು ನಿಂತಳು. "ನನಗೊಂದು ಕೊಡs," ಎಂದಳು. ಎರಡು ವರ್ಷದಿಂದ "ಆಕಿಗೆ ಕೊಡಬ್ಯಾಡ್ರಿ, ಆಕಿ ಕೈಯಾಂದು ತಗೋಬ್ಯಾಡ್ರಿ" ಎಂಬ ಮಾತು ಕೇಳುತ್ತಲೇ ಬೆಳೆದ ನನ್ನ ಕೂಸನ್ನು ಮೊದಲ ಸಲ ಯಾರೋ ಉಂಡೆ ಕೇಳಿದ್ದರು. ಅವಳು ಜೋಕಾಲಿ ನಿಲ್ಲಿಸಿದಳು. ಥೇಟ್ ತನ್ನ ಅವ್ವನ ಹಾಗೆ ಆ ಹುಡುಗಿಯ ಕೈಯನ್ನೇ ನೋಡಿದಳು.

"ಕೊಡ್ತೇನಿ. ಮೊದಲ ಮೊಣಕೈ ಮಟಾ ತೊಳಕೊಂಡ್ ಬಾ. ಸಾಬೂನು ನಮ್ಮ ಆಯಿ ಕಡೆ ಐತಿ."